ಸ್ಯಾಟ್ ತಯಾರಿಗೆ ಖಾನ್ ಅಕಾಡೆಮಿ ಮತ್ತು ಬ್ಲೂಬುಕ್: ವರ್ಷದ ಮೇಲೆ ಬಳಸಿದ ಅನುಭವ

ದಾವಣಗೆರೆಯಂಥ ಊರಿನಲ್ಲಿ ಪಿಯುಸಿ ಓದುತ್ತ ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುತ್ತೇನೆ ಎಂದರೆ ಸುತ್ತಲಿನವರು ಕೊಡುವ ಮೊದಲ ಸಲಹೆ, ಬೆಂಗಳೂರಿಗೆ ಹೋಗಿ ಕೋಚಿಂಗ್ ಸೇರು ಎನ್ನುವುದು. ಅಮೆರಿಕದ ಹಲವು ಕಾಲೇಜುಗಳು ಪ್ರವೇಶಕ್ಕೆ ನೋಡುವ ಪರೀಕ್ಷೆ ಸ್ಯಾಟ್. ಖಾನ್ ಅಕಾಡೆಮಿ ಎಂಬ ಕಲಿಕಾ ಜಾಲತಾಣದ ಸ್ಯಾಟ್ ಪಾಠಗಳನ್ನೂ, ಈ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನ ಬ್ಲೂಬುಕ್ ಆ್ಯಪನ್ನೂ ವರ್ಷಕ್ಕಿಂತ ಹೆಚ್ಚು ಕಾಲ ಬಳಸಿದ ಮೇಲೆ ನನ್ನ ಅಭಿಪ್ರಾಯ ಬೇರೆ. ಎರಡೂ ಉಚಿತ. ಗಣಿತಕ್ಕೂ ವ್ಯಾಕರಣಕ್ಕೂ ಇವೆರಡೇ ಧಾರಾಳವಾಗಿ ಸಾಕು. ಇಂಗ್ಲಿಷ್ ಓದಿನ ಮಾತು ಬೇರೆ. ಅದನ್ನು ಮುಂದೆ ಹೇಳುತ್ತೇನೆ.

2023ರ ಮಾರ್ಚ್‌ನಿಂದ ಭಾರತದಲ್ಲಿ ಸ್ಯಾಟ್ ಪೂರ್ತಿ ಕಂಪ್ಯೂಟರ್ ಪರೀಕ್ಷೆ. ಒಟ್ಟು 2 ಗಂಟೆ 14 ನಿಮಿಷ. ಓದು-ಬರಹದ 54 ಪ್ರಶ್ನೆಗಳು, ಗಣಿತದ 44 ಪ್ರಶ್ನೆಗಳು, ಅಂಕ 400ರಿಂದ 1600. ಪ್ರತಿ ವಿಭಾಗವೂ ಎರಡು ಭಾಗಗಳಲ್ಲಿ ಬರುತ್ತದೆ. ಮೊದಲ ಭಾಗದಲ್ಲಿ ಹೇಗೆ ಉತ್ತರಿಸಿದಿರಿ ಎಂಬುದರ ಮೇಲೆ ಎರಡನೆಯ ಭಾಗ ಸುಲಭವೋ ಕಠಿಣವೋ ನಿರ್ಧಾರವಾಗುತ್ತದೆ. ಸುಲಭದ್ದು ಬಂದರೆ ಅತಿ ಹೆಚ್ಚಿನ ಅಂಕ ಕೈತಪ್ಪಿದಂತೆಯೇ. ಹಾಗಾಗಿ ಮೊದಲ ಭಾಗದಲ್ಲಿ ಅವಸರಕ್ಕಿಂತ ನಿಖರತೆ ಮುಖ್ಯ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಬ್ಲೂಬುಕ್‌ನ ದೊಡ್ಡ ಗುಣವೆಂದರೆ, ನಿಜವಾದ ಪರೀಕ್ಷೆ ನಡೆಯುವುದೂ ಅದರಲ್ಲಿಯೇ. ಅದೇ ಪರದೆ, ಅದೇ ಗಡಿಯಾರ, ತಪ್ಪೆನಿಸಿದ ಆಯ್ಕೆಯನ್ನು ಹೊಡೆದುಹಾಕುವ ಅದೇ ಗುಂಡಿ. ಪರೀಕ್ಷಾ ಕೇಂದ್ರದಲ್ಲಿ ಕುಳಿತಾಗ ಹೊಸದೆಂಬ ಗಾಬರಿ ನನಗೆ ಒಂದಿಷ್ಟೂ ಆಗಲಿಲ್ಲ. ಆದರೆ ಇದರಲ್ಲಿ ಸಿಗುವ ಪೂರ್ಣ ಮಾದರಿ ಪರೀಕ್ಷೆಗಳು ಬೆರಳೆಣಿಕೆಯಷ್ಟು. ಆರಂಭದಲ್ಲಿಯೇ ಎಲ್ಲವನ್ನೂ ಮುಗಿಸಿಬಿಟ್ಟರೆ ಕೊನೆಯ ವಾರಗಳಲ್ಲಿ ನಿಮ್ಮ ಮಟ್ಟ ತಿಳಿಯಲು ಏನೂ ಉಳಿಯುವುದಿಲ್ಲ. ನಡುವಿನ ಅಭ್ಯಾಸಕ್ಕೆ ಕಾಲೇಜ್ ಬೋರ್ಡ್‌ನದೇ ಪ್ರಶ್ನಕೋಶವಿದೆ. ವಿಷಯ, ಕಠಿಣತೆ ಎಲ್ಲವನ್ನೂ ಆರಿಸಿಕೊಳ್ಳಬಹುದು. ಮಾದರಿ ಪರೀಕ್ಷೆಗಳಲ್ಲಿ ಇರುವ ಪ್ರಶ್ನೆಗಳನ್ನು ಹೊರಗಿಡುವ ಸೌಲಭ್ಯವೂ ಇದೆ. ಇದನ್ನು ನಾನು ದಿನವೂ ಬಳಸಿದೆ.

ಗಣಿತದಲ್ಲಿ ನಮ್ಮ ಪಿಯುಸಿ ಮಕ್ಕಳು ಹೆದರಬೇಕಾದ್ದೇನೂ ಇಲ್ಲ. ಕಲನಶಾಸ್ತ್ರ ಇಲ್ಲವೇ ಇಲ್ಲ. ಬೀಜಗಣಿತ, ಶೇಕಡಾವಾರು, ಅಂಕಿಅಂಶ, ರೇಖಾಗಣಿತ, ಸ್ವಲ್ಪ ತ್ರಿಕೋನಮಿತಿ, ಅಷ್ಟೇ. ಹೊಸದೆನಿಸುವುದು ಡೆಸ್‌ಮಾಸ್ ಎಂಬ ಕ್ಯಾಲ್ಕುಲೇಟರ್. ಸಿಇಟಿಯಲ್ಲಿ ಕ್ಯಾಲ್ಕುಲೇಟರ್ ಮುಟ್ಟುವಂತಿಲ್ಲ. ಇಲ್ಲಿ ನಕ್ಷೆ ಬಿಡಿಸುವ ಕ್ಯಾಲ್ಕುಲೇಟರೇ ಪರದೆಯ ಮೇಲಿರುತ್ತದೆ. ಎರಡು ಸಮೀಕರಣಗಳನ್ನು ಟೈಪ್ ಮಾಡಿದರೆ ರೇಖೆಗಳು ಕೂಡುವ ಬಿಂದು ಕಣ್ಣೆದುರು ಬರುತ್ತದೆ, ಅದರ ಮೇಲೆ ಒತ್ತಿದರೆ ಉತ್ತರ. ಹಾಗೆಂದು ಎಲ್ಲಕ್ಕೂ ಅದನ್ನೇ ನೆಚ್ಚಬಾರದು. ಸರಳರೇಖೆಯೊಂದು ಪರವಲಯವನ್ನು ಒಂದೇ ಬಿಂದುವಿನಲ್ಲಿ ತಾಗಬೇಕು, ಸ್ಥಿರಾಂಕ ಎಷ್ಟು ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಡೆಸ್‌ಮಾಸ್‌ನಲ್ಲಿ ಸ್ಲೈಡರ್ ಜರುಗಿಸುತ್ತ ಹುಡುಕುವಷ್ಟರಲ್ಲಿ, ಹತ್ತನೆಯ ತರಗತಿಯಲ್ಲಿ ಕಲಿತ ಶೋಧಕವನ್ನು (b² − 4ac) ಸೊನ್ನೆಗೆ ಸಮ ಮಾಡಿ ಮುಂದಿನ ಪ್ರಶ್ನೆಗೆ ಹೋಗಿಬಿಡಬಹುದು. ಯಾವುದಕ್ಕೆ ಕೈ, ಯಾವುದಕ್ಕೆ ಯಂತ್ರ ಎಂಬ ವಿವೇಕ ಅಭ್ಯಾಸದಿಂದಲೇ ಬರಬೇಕು.

ಖಾನ್ ಅಕಾಡೆಮಿ ಇದೇ ಕಾಲೇಜ್ ಬೋರ್ಡ್ ಜೊತೆಗೂಡಿ 2015ರಿಂದ ಸ್ಯಾಟ್ ಪಾಠಗಳನ್ನು ಉಚಿತವಾಗಿ ಕೊಡುತ್ತಿದೆ. ಗಣಿತ ಪ್ರಾಥಮಿಕ, ಮಧ್ಯಮ, ಉನ್ನತ ಎಂಬ ಮೂರು ಮಟ್ಟಗಳಲ್ಲಿದೆ. ಪಿಯುಸಿ ವಿಜ್ಞಾನದವರು ಮೊದಲ ಮಟ್ಟದ ಘಟಕ ಪರೀಕ್ಷೆಗಳನ್ನಷ್ಟೇ ಬರೆದು ಮುಂದೆ ಸಾಗಬಹುದು. ನನಗೆ ನಿಜವಾಗಿ ಕೈಹಿಡಿದದ್ದು ಇಂಗ್ಲಿಷ್ ವ್ಯಾಕರಣದ ಭಾಗ. ಎರಡು ಪೂರ್ಣ ವಾಕ್ಯಗಳ ನಡುವೆ ಬರಿಯ ಅಲ್ಪವಿರಾಮ ನಿಲ್ಲದು, ಅರ್ಧವಿರಾಮವೋ ಪೂರ್ಣವಿರಾಮವೋ ಬೇಕು ಎಂಬುದನ್ನು ಇಷ್ಟು ಬಿಡಿಸಿ ನನಗೆ ಯಾವ ತರಗತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಒಂದು ಮಿತಿ ಇದೆ: ಅಭ್ಯಾಸವೆಲ್ಲ ವಿಷಯವಾರು ಇರುವುದರಿಂದ ಯಾವ ನಿಯಮ ಹಚ್ಚಬೇಕೆಂಬುದು ಮೊದಲೇ ಗೊತ್ತಿರುತ್ತದೆ. ಪರೀಕ್ಷೆಯಲ್ಲಿ ಆ ಸುಳಿವು ಇರುವುದಿಲ್ಲ. ಕೊನೆಯ ತಿಂಗಳಲ್ಲಿ ಪ್ರಶ್ನೆಗಳನ್ನು ಕಲಸಿ ಮಾಡುವುದೇ ಒಳ್ಳೆಯದು.

ಇನ್ನು ಓದು. ಪ್ರತಿ ಪ್ರಶ್ನೆಗೂ ಒಂದು ಪುಟ್ಟ ಗದ್ಯಭಾಗ, ಹೆಚ್ಚೆಂದರೆ 150 ಪದ. ಒಮ್ಮೆ ಹತ್ತೊಂಬತ್ತನೆಯ ಶತಮಾನದ ಕಾದಂಬರಿಯ ತುಣುಕು, ಮರುಕ್ಷಣ ಜೀವಶಾಸ್ತ್ರದ ಪ್ರಯೋಗವೊಂದರ ಸಾರಾಂಶ, ಆಮೇಲೆ ಕವಿತೆ. ನಮ್ಮಂಥವರು ಅಂಕ ಬಿಡುವುದು ಇಲ್ಲಿಯೇ, ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಪದಪಟ್ಟಿ ಉರು ಹೊಡೆದರೆ ಪ್ರಯೋಜನ ಕಡಿಮೆ. ಕೇಳುವುದು ಆ ವಾಕ್ಯದಲ್ಲಿ ಪದಕ್ಕಿರುವ ಅರ್ಥವನ್ನು. ಇಂಗ್ಲಿಷ್ ಪತ್ರಿಕೆಯ ವಿಜ್ಞಾನ ಪುಟ, ಗ್ರಂಥಾಲಯದ ಹಳೆಯ ಕಾದಂಬರಿಗಳು, ಓದಿದ್ದನ್ನು ಒಂದೇ ವಾಕ್ಯದಲ್ಲಿ ಬರೆದಿಡುವ ಅಭ್ಯಾಸ, ಇವು ತಿಂಗಳುಗಟ್ಟಲೆ ನಡೆಯಬೇಕು. ದುಬಾರಿ ಶುಲ್ಕದ ಕೋಚಿಂಗ್ ಸಂಸ್ಥೆಯೊಂದಕ್ಕೆ ಸೇರಿದ್ದ ನನ್ನ ಗೆಳತಿಗೆ ಅಲ್ಲಿ ಸಿಕ್ಕಿದ್ದು ಹಳೆಯ ಕಾಗದದ ಪರೀಕ್ಷೆಯ ಉದ್ದುದ್ದ ಗದ್ಯಭಾಗಗಳು. ಆ ಮಾದರಿ ಈಗ ಇಲ್ಲವೇ ಇಲ್ಲ. ಹಣ ಕಟ್ಟುವ ಮುನ್ನ ಅವರ ಪುಸ್ತಕವನ್ನು ತಿರುವಿಹಾಕಿ ನೋಡಿ.

ಬ್ಲೂಬುಕ್ ಮೊಬೈಲ್‌ನಲ್ಲಿ ನಡೆಯುವುದಿಲ್ಲ. ಲ್ಯಾಪ್‌ಟಾಪ್ ಅಥವಾ ಐಪ್ಯಾಡ್ ಬೇಕು. ಪರೀಕ್ಷೆಯ ನಡುವೆ ಇಂಟರ್ನೆಟ್ ಹೋದರೂ ಉತ್ತರಗಳು ಉಳಿಯುತ್ತವೆ, ಆರಂಭಿಸಲು ಮತ್ತು ಕೊನೆಗೆ ಸಲ್ಲಿಸಲು ಸಂಪರ್ಕ ಇದ್ದರೆ ಸಾಕು. ಬ್ಯಾಟರಿ ಮಾತ್ರ ತುಂಬಿರಲಿ.

ನಮಗೆ ಪರೀಕ್ಷಾ ಶುಲ್ಕವೇ ನೂರು ಡಾಲರ್ ದಾಟುತ್ತದೆ, ಬೆಂಗಳೂರಿನ ಕೇಂದ್ರಕ್ಕೆ ಹೋಗಿಬರುವ ಖರ್ಚು ಬೇರೆ. ಆದ್ದರಿಂದ ಮೊದಲು ನಿಮ್ಮ ಕಾಲೇಜುಗಳ ಪಟ್ಟಿ ಮಾಡಿ, ಒಂದೊಂದರ ನಿಯಮವನ್ನೂ ಅವರವರ ಜಾಲತಾಣದಲ್ಲಿಯೇ ನೋಡಿ. ಎಂಐಟಿ 2022ರಲ್ಲಿ ಸ್ಯಾಟ್ ಅಥವಾ ಅದರಂಥದೇ ಇನ್ನೊಂದು ಪರೀಕ್ಷೆಯಾದ ಎಸಿಟಿಯ ಅಂಕವನ್ನು ಮತ್ತೆ ಕಡ್ಡಾಯ ಮಾಡಿತು; 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ ಕೂಡ ಪರೀಕ್ಷಾ ಅಂಕ ಬೇಕೆಂದು ಪ್ರಕಟಿಸಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಾದರೋ ಪ್ರವೇಶ ನಿರ್ಧರಿಸುವಾಗ ಈ ಅಂಕವನ್ನು ನೋಡುವುದೇ ಇಲ್ಲ. ಅಲ್ಲಿಗಷ್ಟೇ ಅರ್ಜಿ ಹಾಕುವವರು ಆ ಹಣವನ್ನು ಅರ್ಜಿ ಶುಲ್ಕಕ್ಕೆ ಉಳಿಸಿಕೊಳ್ಳಬಹುದು.