ಸೆಕೆಂಡ್ ಹ್ಯಾಂಡ್ ಕಾರಿಗೆ ಮ್ಯಾನ್ಯುಯಲ್ಲೋ ಆಟೊಮ್ಯಾಟಿಕ್ಕೋ: ಲಕ್ಷ ಕಿ.ಮೀ. ಆಸುಪಾಸಿನ ಗೇರ್‌ಬಾಕ್ಸುಗಳ ವಿಮರ್ಶೆ

ತೀರ್ಪು ಮೊದಲೇ ಹೇಳಿಬಿಡುತ್ತೇವೆ. 80,000 ಕಿ.ಮೀ. ದಾಟಿದ ಆಟೊಮ್ಯಾಟಿಕ್ ಕಾರಿಗೆ ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ಬಿಲ್ ಇಲ್ಲವೆಂದರೆ ಅದನ್ನು ಬಿಟ್ಟು ಅದೇ ಮಾಡೆಲ್ಲಿನ ಮ್ಯಾನ್ಯುಯಲ್ ತೆಗೆದುಕೊಳ್ಳಿ. ಬಿಲ್ ಇದೆ, ನಿಮ್ಮ ಓಡಾಟವೂ ಹೆಚ್ಚಾಗಿ ಟ್ರಾಫಿಕ್ಕಿನಲ್ಲೇ ಎಂದಾದರೆ ಆಟೊಮ್ಯಾಟಿಕ್ ಕೊಳ್ಳಲು ಹೆದರಬೇಕಿಲ್ಲ. ಹೊಸ ಕಾರು ಕೊಳ್ಳುವವರು ಎಡಗಾಲಿನ ಆರಾಮವೊಂದನ್ನೇ ಲೆಕ್ಕ ಹಾಕಿದರೂ ನಡೆಯುತ್ತದೆ. ಹಳೆಯ ಕಾರಿನಲ್ಲಿ ಹಿಂದಿನ ಮಾಲೀಕರು ಓಡಿಸಿದ ರೀತಿ, ಮಾಡಿಸದೆ ಬಿಟ್ಟ ಸರ್ವಿಸ್ ಎಲ್ಲವೂ ಗೇರ್‌ಬಾಕ್ಸಿನ ಜೊತೆಗೇ ನಿಮ್ಮ ಮನೆಗೆ ಬರುತ್ತವೆ.

ಮ್ಯಾನ್ಯುಯಲ್ಲಿನ ದೊಡ್ಡ ಗುಣವೆಂದರೆ ಸವೆತ ಹೆಚ್ಚಾಗಿ ಕ್ಲಚ್ಚಿನಲ್ಲೇ ಆಗುತ್ತದೆ, ಅದನ್ನು ಹತ್ತು ನಿಮಿಷದಲ್ಲಿ ಪತ್ತೆ ಹಚ್ಚಬಹುದು. ನಾಲ್ಕನೇ ಗೇರಿನಲ್ಲಿ 40-50 ಕಿ.ಮೀ. ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಏರಿ, ವೇಗ ಅದಕ್ಕೆ ತಕ್ಕಂತೆ ಏರದಿದ್ದರೆ ಕ್ಲಚ್ ಪ್ಲೇಟು ಜಾರುತ್ತಿದೆ. ಏರು ರಸ್ತೆ ಸಿಕ್ಕರೆ ಇನ್ನೂ ಸ್ಪಷ್ಟವಾಗಿ ಗೊತ್ತಾಗುತ್ತದೆ. ಕಾರು ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗ ನ್ಯೂಟ್ರಲ್ಲಿನಲ್ಲಿ ಕ್ಲಚ್ ಒತ್ತಿ ಕೇಳಿ: ಒತ್ತಿದಾಗ ಗರಗರ ಸದ್ದು ಬಂದರೆ ರಿಲೀಸ್ ಬೇರಿಂಗು ಹೋಗಿದೆ, ಬಿಟ್ಟಾಗ ಸದ್ದು ಬಂದು ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗಿನ ಮೇಲೆ ಅನುಮಾನ ಪಡಬೇಕು. ಮೊದಲನೆಯದು ಕ್ಲಚ್ ಕೆಲಸದಲ್ಲೇ ಮುಗಿಯುತ್ತದೆ. ಎರಡನೆಯದಕ್ಕೆ ಗೇರ್‌ಬಾಕ್ಸನ್ನೇ ಬಿಚ್ಚಬೇಕು.

ಕ್ಲಚ್ ಬದಲಿಸುವಾಗ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು ಮೂರನ್ನೂ ಒಟ್ಟಿಗೆ ಹಾಕಿಸಿ. ಗೇರ್‌ಬಾಕ್ಸ್ ಇಳಿಸುವ ಕೂಲಿ ಒಂದಕ್ಕೂ ಅಷ್ಟೇ, ಮೂರಕ್ಕೂ ಅಷ್ಟೇ. ಡೀಸೆಲ್ ಕಾರಾದರೆ ಡ್ಯುಯಲ್ ಮಾಸ್ ಫ್ಲೈವೀಲ್ (ಎಂಜಿನ್ನಿನ ಅದುರು ತಡೆಯಲು ನಡುವೆ ಸ್ಪ್ರಿಂಗುಗಳಿರುವ ಎರಡು ತುಂಡಿನ ಚಕ್ರ) ಇದೆಯೇ ಎಂದು ಮೊದಲೇ ವಿಚಾರಿಸಿ. ಐಡ್ಲಿಂಗಿನಲ್ಲಿ ಕಟಕಟ ಸದ್ದು, ಎಂಜಿನ್ ಆಫ್ ಮಾಡುವ ಕ್ಷಣದಲ್ಲಿ ದಡಬಡ ಅಲುಗಾಟ ಇದ್ದರೆ ಅದರೊಳಗಿನ ಸ್ಪ್ರಿಂಗುಗಳು ಸಡಿಲವಾಗಿರಬಹುದು. ಅನೇಕ ಮಾಡೆಲ್‌ಗಳಲ್ಲಿ ಆ ಫ್ಲೈವೀಲ್ ಒಂದೇ ಇಡೀ ಕ್ಲಚ್ ಸೆಟ್ಟಿಗಿಂತ ದುಬಾರಿ. ಬೆಲೆ ಮಾತಾಡುವಾಗ ಇದನ್ನು ಮರೆಯಬೇಡಿ.

ಎರಡನೇ ಗೇರು ತಣ್ಣಗಿದ್ದಾಗ ಕರಕರ ಅಂದರೆ ಗೇರ್ ಸೇರುವ ಮುನ್ನ ವೇಗ ಹೊಂದಿಸುವ ಸಿಂಕ್ರೊ ರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು. ರಿವರ್ಸ್ ಕರಕರ ಅಂದರೆ ತಕ್ಷಣ ಗೇರ್‌ಬಾಕ್ಸನ್ನು ದೂರಬೇಡಿ. ಅನೇಕ ಕಾರುಗಳಲ್ಲಿ ರಿವರ್ಸಿಗೆ ಸಿಂಕ್ರೊ ಇರುವುದೇ ಇಲ್ಲ. ಕ್ಲಚ್ ಪೂರ್ತಿ ಒತ್ತಿ ಮೂರು ಸೆಕೆಂಡ್ ಕಾದು ಹಾಕಿ. ಆಗಲೂ ಸದ್ದಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಹೈಡ್ರಾಲಿಕ್ ಕ್ಲಚ್ಚಾದರೆ ಅದನ್ನು ದ್ರವದ ಒತ್ತಡದಿಂದ ತಳ್ಳುವ ಸ್ಲೇವ್ ಸಿಲಿಂಡರ್ ಸೋರಿಕೆ ನೋಡಿಸಿ.

ಇನ್ನು ಆಟೊಮ್ಯಾಟಿಕ್. ಈ ಒಂದೇ ಹೆಸರಿನಲ್ಲಿ ಟಾರ್ಕ್ ಕನ್ವರ್ಟರ್, ಸಿವಿಟಿ, ಎಎಂಟಿ, ಡಿಸಿಟಿ ಎಂಬ ನಾಲ್ಕು ಬೇರೆ ಬೇರೆ ಯಂತ್ರಗಳು ಮಾರಾಟವಾಗುತ್ತವೆ, ಅವುಗಳ ಆಯಸ್ಸೂ ರೋಗಗಳೂ ಬೇರೆ ಬೇರೆ. ಕಾರು ನೋಡಲು ಹೋಗುವ ಮೊದಲೇ ಅದರಲ್ಲಿ ಯಾವುದಿದೆ ಎಂದು ಮಾಡೆಲ್ ಮತ್ತು ವರ್ಷದ ಪ್ರಕಾರ ತಿಳಿದುಕೊಳ್ಳಿ.

ದೀರ್ಘ ಬಳಕೆಗೆ ನಮ್ಮ ಮೊದಲ ಆಯ್ಕೆ ಟಾರ್ಕ್ ಕನ್ವರ್ಟರ್. ಇದರಲ್ಲಿ ಎಂಜಿನ್ನಿನ ಶಕ್ತಿ ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟುವುದರಿಂದ ಆಮೆನಡಿಗೆಯ ಟ್ರಾಫಿಕ್ಕಿನಲ್ಲಿ ಉಜ್ಜಿ ಸವೆಯುವ ಪ್ಲೇಟಿಲ್ಲ. ಆ ಶ್ರಮವೆಲ್ಲ ಬಿಸಿಯಾಗಿ ಆಯಿಲ್‌ಗೆ ಹೋಗುತ್ತದೆ. ಹಾಗಾಗಿಯೇ ಆಯಿಲ್ ಬದಲಿಸದಿರುವುದು ಇದಕ್ಕೆ ಮಾಡುವ ದೊಡ್ಡ ದ್ರೋಹ. ಎಷ್ಟೋ ಕಾರುಗಳ ಪುಸ್ತಕದಲ್ಲಿ ‘ಲೈಫ್‌ಟೈಮ್ ಆಯಿಲ್’ ಎಂದು ಬರೆದಿರುತ್ತದೆ. ಅಂದರೆ ಬದಲಿಸುವುದೇ ಬೇಡ ಎಂದು. ಆದರೆ ಇಂಥ ಗೇರ್‌ಬಾಕ್ಸುಗಳನ್ನು ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಅಥವಾ 8 ವರ್ಷ, ಯಾವುದು ಮೊದಲೋ ಆಗ ಬದಲಿಸಿ ಎನ್ನುತ್ತದೆ. ನಾವು 60,000ಕ್ಕೇ ಬದಲಿಸುವ ಪಕ್ಷ.

ಇಲ್ಲೊಂದು ಲೆಕ್ಕ ತಿಳಿದಿರಬೇಕು. ಕೆಳಗಿನ ಪ್ಲಗ್ ಬಿಚ್ಚಿದರೆ ಆಯಿಲ್ ಪೂರ್ತಿ ಇಳಿಯುವುದಿಲ್ಲ, ಕನ್ವರ್ಟರಿನೊಳಗೂ ಕೂಲರ್ ಪೈಪುಗಳಲ್ಲೂ ಉಳಿದಿರುತ್ತದೆ. ಒಟ್ಟು 8 ಲೀಟರಿನಲ್ಲಿ 4 ಇಳಿದರೆ ಒಂದು ಸಲಕ್ಕೆ ಅರ್ಧವಷ್ಟೇ ಹೊಸದು. ಸ್ವಲ್ಪ ಓಡಿಸಿ ಮತ್ತೊಮ್ಮೆ ಮಾಡಿದರೆ ನೂರಕ್ಕೆ 75 ಭಾಗ, ಮೂರನೇ ಸಲಕ್ಕೆ ಸುಮಾರು 87 ಭಾಗ ಹೊಸದಾಗುತ್ತದೆ. ಬಹಳ ಕಾಲ ಬದಲಿಸದ ಗೇರ್‌ಬಾಕ್ಸಿಗೆ ಮೆಷೀನ್ ಹಚ್ಚಿ ಒತ್ತಡದಲ್ಲಿ ತೊಳೆಸುವುದಕ್ಕಿಂತ ಹೀಗೆ ಹಂತಹಂತವಾಗಿ ಮಾಡುವುದು ಮೇಲು. ತಳದಲ್ಲಿ ಕೂತ ಕಸ ಎದ್ದು, ಆಯಿಲ್ ಹರಿವನ್ನು ನಿಯಂತ್ರಿಸುವ ವಾಲ್ವ್ ಬಾಡಿಯ ಸಣ್ಣ ದಾರಿಗಳನ್ನು ಕಟ್ಟುವ ಅಪಾಯ ಕಡಿಮೆ. ಲೆವೆಲ್ ನೋಡುವುದೂ ಸೂಕ್ಷ್ಮ. ಡಿಪ್‌ಸ್ಟಿಕ್ ಇಲ್ಲದ ಗೇರ್‌ಬಾಕ್ಸಿನಲ್ಲಿ ಎಂಜಿನ್ ಓಡುತ್ತಿದ್ದು, ಕಾರು ಸಮತಟ್ಟಾಗಿದ್ದು, ಆಯಿಲ್ ಕಂಪನಿ ಹೇಳಿದ ಬಿಸಿಯಲ್ಲಿ, ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಇರುವಾಗ ಓವರ್‌ಫ್ಲೋ ಪ್ಲಗ್ಗಿನಿಂದ ನೋಡಬೇಕು. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಇಲ್ಲದೆ ಅಂದಾಜಿನಲ್ಲಿ ತುಂಬುವ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ.

ಆಯಿಲ್‌ನ ಒಂದು ಹನಿ ಬಿಳಿ ಕಾಗದದ ಮೇಲೆ ಬಿಟ್ಟು ನೋಡಿ. ಸಾಮಾನ್ಯ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಹೊಸದಿದ್ದಾಗ ಕೆಂಪು, ಕಂದಾದರೆ ವಯಸ್ಸಾಗಿದೆ. ಕಪ್ಪಾಗಿ ಸೀದ ವಾಸನೆ ಬಂದರೆ ಒಳಗಿನ ಕ್ಲಚ್ಚುಗಳು ಸುಟ್ಟಿವೆ. ಹಾಲು ಬೆರೆಸಿದಂಥ ಗುಲಾಬಿ ಬಣ್ಣ ಕಂಡರೆ ರೇಡಿಯೇಟರಿನೊಳಗಿನ ಕೂಲರ್ ಒಡೆದು ಕೂಲೆಂಟ್ ಸೇರಿರಬಹುದು. ಅಂಥ ಕಾರು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಸಿವಿಟಿ ನಯವಾಗಿ ಓಡುತ್ತದೆ, ಮೈಲೇಜೂ ಒಳ್ಳೆಯದು. ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟು ಹಿಡಿತದ ಮೇಲೆಯೇ ನಿಂತಿರುವುದರಿಂದ ಅದಕ್ಕೆಂದೇ ತಯಾರಾದ ಆಯಿಲ್ ಬಿಟ್ಟು ಬೇರೆ ಹಾಕಿದರೆ ಬೆಲ್ಟು ಜಾರಿ ಪುಲ್ಲಿಯ ಮೈ ಗೀರುತ್ತದೆ. ಆಮೇಲೆ ರಿಪೇರಿಗಿಂತ ಗೇರ್‌ಬಾಕ್ಸ್ ಬದಲಿಸುವ ಮಾತೇ ಬರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಮೊದಲು ಏರಿ ವೇಗ ಆಮೇಲೆ ಬರುವುದು ಇದರ ಸ್ವಭಾವ, ದೋಷವಲ್ಲ. ನಿಂತಲ್ಲಿಂದ ಹೊರಡುವಾಗ ನಡುಗುವುದು, ವೇಗದ ಜೊತೆ ಏರುವ ಗುಂಯ್ ಸದ್ದು ದೋಷ.

ಎಎಂಟಿ ಎಂದರೆ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವುದನ್ನೂ ಗೇರ್ ಹಾಕುವುದನ್ನೂ ಕಂಪ್ಯೂಟರ್ ಹೇಳಿದಂತೆ ಚಲಿಸುವ ಆಕ್ಚುಯೇಟರ್ ಎಂಬ ಸಾಧನ ಮಾಡುತ್ತದೆ. ಕ್ಲಚ್ ಸವೆತ ಮ್ಯಾನ್ಯುಯಲ್ಲಿನಷ್ಟೇ. ಹಾಗಾಗಿ ಗ್ಯಾರೇಜಿಗೆ ಭಯವಿಲ್ಲ, ಆದರೆ ಕ್ಲಚ್ ಬದಲಿಸಿದ ಮೇಲೆ ಸ್ಕ್ಯಾನರಿನಲ್ಲಿ ಕ್ಯಾಲಿಬ್ರೇಶನ್ ಮಾಡಲೇಬೇಕು. ಮಾಡದೆ ಬಿಟ್ಟರೆ ಜರ್ಕು ತಪ್ಪದು. ಗೇರ್ ಬದಲಾಗುವಾಗ ಮುಗ್ಗರಿಸುವುದನ್ನು ಸಹಿಸುವವರಿಗೆ ಇದು ಒಳ್ಳೆಯ ಹಳೆಯ ಕಾರು.

ಡಿಸಿಟಿ ಎಂದರೆ ಎರಡು ಕ್ಲಚ್ಚುಗಳ ಗೇರ್‌ಬಾಕ್ಸ್. ಡ್ರೈ ಕ್ಲಚ್ ಡಿಸಿಟಿಯ ಬಗ್ಗೆ ನಮ್ಮ ಮಾತು ಕಟುವಾಗಿಯೇ ಇದೆ: ವಾರಂಟಿ ಮುಗಿದದ್ದನ್ನು ಟ್ರಾಫಿಕ್ಕಿನ ಬಳಕೆಗೆ ಕೊಳ್ಳಬೇಡಿ. ತಂಪು ಮಾಡಲು ಆಯಿಲ್ ಇಲ್ಲದ ಎರಡು ಕ್ಲಚ್ಚುಗಳು ಆಮೆನಡಿಗೆಯಲ್ಲಿ ಅರ್ಧ ಹಿಡಿದು ಅರ್ಧ ಬಿಟ್ಟು ಬಿಸಿಯಾಗುತ್ತವೆ. ಹೆದ್ದಾರಿಯಲ್ಲಿ ಅದಕ್ಕಿಂತ ಚೆನ್ನಾಗಿ ಓಡುವುದು ಇನ್ನೊಂದಿಲ್ಲ ಎಂಬುದೂ ನಿಜ. ಕ್ಲಚ್ಚುಗಳು ಆಯಿಲ್‌ನಲ್ಲಿರುವ ವೆಟ್ ಕ್ಲಚ್ ಡಿಸಿಟಿಯಾದರೆ ಪರವಾಗಿಲ್ಲ. ಅನೇಕ ಮಾಡೆಲ್‌ಗಳಿಗೆ ಕಂಪನಿ ಹೇಳುವುದು 60,000 ಕಿ.ಮೀ.ಗೊಮ್ಮೆ ಆಯಿಲ್, ಅದರ ಬಿಲ್ ಕೇಳಿ.

ಯಾವುದೇ ಆಟೊಮ್ಯಾಟಿಕ್ ಆಗಲಿ, ಎಂಜಿನ್ ತಣ್ಣಗಿರುವಾಗಲೇ ಪರೀಕ್ಷಿಸಿ. ನೀವು ಹೋಗುವಷ್ಟರಲ್ಲಿ ಬಾನೆಟ್ ಬಿಸಿಯಾಗಿದ್ದರೆ ಬೇರೆ ದಿನ ಬರುತ್ತೇವೆ ಎನ್ನಿ, ಏಕೆಂದರೆ ಅನೇಕ ದೋಷಗಳು ಬಿಸಿಯಾದ ಮೇಲೆ ಅಡಗುತ್ತವೆ. ಬ್ರೇಕ್ ಒತ್ತಿ ಪಿ-ಯಿಂದ ಆರ್, ಆರ್-ನಿಂದ ಡಿ ಹಾಕಿ. ಗೇರ್ ಹಿಡಿಯಲು ಎರಡು ಸೆಕೆಂಡಿಗಿಂತ ಹೆಚ್ಚು ಬೇಕಾದರೆ, ಅಥವಾ ಧಡ್ ಎಂದು ಬಡಿದರೆ ಎಚ್ಚರ. ಆಮೇಲೆ ಅರ್ಧ ಗಂಟೆ ಓಡಿಸಿ, ಪೂರ್ತಿ ಬಿಸಿಯಾದಾಗ 50-80 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರನ್ನು ಹಗುರವಾಗಿ ಹಿಡಿದು ನೋಡಿ. ರಸ್ತೆಯ ಸಣ್ಣ ಉಬ್ಬುಗೆರೆಗಳ ಮೇಲೆ ಹೋದಂತೆ ನಡುಗಿದರೆ, ಎಂಜಿನ್ನನ್ನು ಗೇರ್‌ಬಾಕ್ಸಿಗೆ ನೇರವಾಗಿ ಬಿಗಿಯುವ ಟಾರ್ಕ್ ಕನ್ವರ್ಟರಿನ ಲಾಕ್‌ಅಪ್ ಕ್ಲಚ್ ಮೇಲೆ ಕಣ್ಣಿಡಿ. ಆರಂಭದ ಹಂತದಲ್ಲಿ ಆಯಿಲ್ ಬದಲಿಸಿದರೇ ಇದು ಹೋಗುವುದುಂಟು. ಆದರೆ ಆ ಭರವಸೆಗೆ ದುಡ್ಡು ಕೊಡಬೇಡಿ.

ಕೊನೆಗೆ ಸ್ಕ್ಯಾನರ್ ಹಾಕಿಸಿ. ಪಿ0700 ಎಂಬ ದೋಷದ ಕೋಡ್ ಬಂದರೆ ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಬೇರೆ ಕೋಡ್ ಕೂತಿದೆ, ಅದನ್ನೂ ಓದಿಸಿ. ಪಿ0730 ಎಂದರೆ ಗೇರ್ ಅನುಪಾತ ತಾಳೆಯಾಗುತ್ತಿಲ್ಲ, ಪಿ0741 ಎಂದರೆ ಲಾಕ್‌ಅಪ್ ಹಿಡಿಯುತ್ತಿಲ್ಲ. ಕೋಡ್ ಒಂದೂ ಇಲ್ಲದಿದ್ದರೆ, ಕೋಡ್ ಅಳಿಸಿದ ಮೇಲೆ ಎಷ್ಟು ಕಿ.ಮೀ. ಓಡಿದೆ ಎಂಬ ಅಂಕಿ ನೋಡಿ. ಅದು 20 ಅಥವಾ 30 ಎಂದು ತೋರಿಸಿದರೆ ಯಾರೋ ಮೊನ್ನೆಯಷ್ಟೇ ಒರೆಸಿದ್ದಾರೆ.

ಕೊಂಡ ಮೇಲೆ ಇಳಿಜಾರಿನಲ್ಲಿ ನಿಲ್ಲಿಸುವಾಗ ಮೊದಲು ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್ಲಿನಲ್ಲಿ ಬ್ರೇಕ್ ಸಡಿಲಿಸಿ ಕಾರಿನ ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕೂರುವಂತೆ ಮಾಡಿ, ಬ್ರೇಕ್ ಮತ್ತೆ ಒತ್ತಿ ಪಿ ಹಾಕಿ. ಏರಿನ ಸಿಗ್ನಲ್ಲಿನಲ್ಲಿ ಆಕ್ಸಿಲರೇಟರ್ ಹಿಡಿದು ಕಾರು ನಿಲ್ಲಿಸುವ ಅಭ್ಯಾಸ ಎಎಂಟಿ, ಡಿಸಿಟಿಗಳ ಕ್ಲಚ್ಚನ್ನು ತಿನ್ನುತ್ತದೆ. ಬ್ರೇಕ್ ಒತ್ತಿಯೇ ನಿಲ್ಲಿ. ಮಾರ್ಗಮಧ್ಯೆ ಕೆಟ್ಟರೆ ಎಂಜಿನ್ ಓಡುತ್ತಿಲ್ಲದ ಟಾರ್ಕ್ ಕನ್ವರ್ಟರ್ ಅಥವಾ ಸಿವಿಟಿ ಕಾರನ್ನು ಹಗ್ಗ ಕಟ್ಟಿ ಎಳೆಸಬೇಡಿ. ಆಯಿಲ್ ಪಂಪ್ ತಿರುಗದೆ ಒಳಗಿನ ಭಾಗಗಳು ಒಣಗಿಯೇ ಉಜ್ಜಿಕೊಳ್ಳುತ್ತವೆ. ನಾಲ್ಕೂ ಚಕ್ರ ಮೇಲೇರುವ ಫ್ಲಾಟ್‌ಬೆಡ್ ಲಾರಿಯನ್ನೇ ಕರೆಸಿ.