ಉದ್ಯಮಬಾಗದ ಬೋರ್ಡಿಲ್ಲದ ಶೆಡ್: ನಮ್ಮ ಕ್ಯಾರವಾನ್ ಕೆಲಸ ಅಲ್ಲಿ ಹೇಗಾಯಿತು

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳನ್ನು ದಾಟಿ ಒಳಗಿನ ರಸ್ತೆಗೆ ಇಳಿದರೆ ಒಂದು ತಗಡಿನ ವರ್ಕ್‌ಶಾಪ್ ಶೆಡ್ ಸಿಗುತ್ತದೆ. ಹೊರಗೆ ಬೋರ್ಡ್ ಇಲ್ಲ. ಅಕ್ಕಪಕ್ಕದವರೆಲ್ಲ ಕಾಕಾನ ಶೆಡ್ ಅಂತಲೇ ಕರೆಯುತ್ತಾರೆ. ಹೆಸರು, ನಂಬರ್ ಎಲ್ಲೂ ಹಾಕಬೇಡ ಅಂತ ಕಾಕಾ ಹೇಳಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ನಮ್ಮ ಕ್ಯಾರವಾನ್ ಕೆಲಸಕ್ಕೆ ಒಂಬತ್ತು ದಿನ ಅಲ್ಲಿ ಕಳೆದೆ. ಅರ್ಧ ಕೆಲಸ ಅವರು ಮಾಡಿದರು, ಅರ್ಧ ನಾನೇ ಮಾಡಿದೆ. ಒಂದು ವರ್ಷ ಓಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ವಿಜಯಪುರ. ಗಾಡಿ ಟೆಂಪೋ ಟ್ರಾವೆಲರ್, ಸೆಕೆಂಡ್ ಹ್ಯಾಂಡ್, ಆರ್‌ಸಿಯಲ್ಲೇ ಮೋಟರ್ ಕ್ಯಾರವಾನ್ ಅಂತ ಇರುವುದು. ಒಳಗೆ ಮಂಚ, ಸಣ್ಣ ಅಡುಗೆ ಕಟ್ಟೆ, ಹಿಂದೆ 150 ಎಎಚ್ (ಆಂಪಿಯರ್ ಅವರ್) ಟ್ಯೂಬುಲರ್ ಬ್ಯಾಟರಿ, ಮುಂದೆ 45 ಲೀಟರಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್. ನಮಗೆ ಫ್ರಿಜ್ ಬೇಕಾಗಿದ್ದು ತಣ್ಣನೆ ನೀರಿಗಲ್ಲ. ಅವ್ವ ಇನ್ಸುಲಿನ್ ತಗೊಳ್ತಾಳೆ. ತೆರೆಯದ ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. ಅವ್ವನನ್ನು ಬಿಟ್ಟು ನಾವು ಎಲ್ಲೂ ಹೋಗುವುದಿಲ್ಲ.

ಹೋದ ವರ್ಷ ಮೇ ತಿಂಗಳಲ್ಲಿ ಬಾದಾಮಿಗೆ ಹೋಗಿದ್ದೆವು. ರಾತ್ರಿ ಯಾವಾಗಲೋ ಫ್ರಿಜ್ ಬಂದ್ ಆಗಿದೆ, ನಮಗೆ ಗೊತ್ತೇ ಆಗಿಲ್ಲ. ಬೆಳಿಗ್ಗೆ ಎದ್ದು ಗುಹೆಗಳನ್ನು ನೋಡಿ, ಅಗಸ್ತ್ಯ ತೀರ್ಥದ ದಂಡೆಗೆ ಸುತ್ತು ಹಾಕಿ, ಮಧ್ಯಾಹ್ನ ಬಂದು ಮುಚ್ಚಳ ತೆಗೆದರೆ ಒಳಗೆ 33 ಡಿಗ್ರಿ. ಹಾಲು ಒಡೆದಿತ್ತು, ಅದು ಹೋಗಲಿ. ಇನ್ಸುಲಿನ್ ಅಷ್ಟನ್ನೂ ಎಸೆದು ಮೆಡಿಕಲ್ ಶಾಪ್ ಹುಡುಕಿಕೊಂಡು ಹೋದೆವು. ಅವ್ವ ‘ಇರಲಿ ಬಿಡವಾ’ ಅಂದಳು. ನನಗೆ ಮಾತ್ರ ಇರಲಿ ಬಿಡು ಅನ್ನಿಸಲಿಲ್ಲ.

ಊರಿಗೆ ಬಂದು ಇಬ್ಬರು ಎಲೆಕ್ಟ್ರಿಷಿಯನ್‌ಗಳಿಗೆ ತೋರಿಸಿದೆ. ಒಬ್ಬರು ಫ್ರಿಜ್ ಖರಾಬ್ ಅಂದರು. ಇನ್ನೊಬ್ಬರು ಬ್ಯಾಟರಿ ಹೋಗಿದೆ, ಲಿಥಿಯಂ ಹಾಕಿಸಿ, 32,000 ಆಗುತ್ತದೆ ಅಂದರು. ನಮ್ಮ ಯಜಮಾನರು ಮೀಟರ್ ಹಿಡಿದು ಫ್ರಿಜ್ ಸಾಕೆಟ್ಟಿನಲ್ಲಿ ನೋಡಿದರೆ 12.2 ವೋಲ್ಟ್, ಬ್ಯಾಟರಿಯಲ್ಲೂ 12.2. ಎಲ್ಲಾ ಸರಿ ಇದೆಯಲ್ಲ, ಅಲ್ವಾ? ಅಲ್ಲಿಗೆ ನಮ್ಮ ಬುದ್ಧಿ ಮುಗಿಯಿತು. ತಂಗಿಯ ಮನೆ ಬೆಳಗಾವಿಯ ಟಿಳಕವಾಡಿಯಲ್ಲಿ. ಅವಳ ಗಂಡನೇ ಈ ಶೆಡ್ ಹೇಳಿದ್ದು. ಸುಮಾರು 200 ಕಿಲೋಮೀಟರ್ ಓಡಿಸಿಕೊಂಡು ಬಂದೆವು.

ಕಾಕಾ ಮೊದಲು ಕೇಳಿದ್ದು, ‘ಗಾಡಿ ಒಳಗಿನ ಕೆಲಸ ಯಾರ್ ಮಾಡ್ತೀರಿ?’ ಅಂತ. ನಾನು ಅಂದೆ. ಅವತ್ತಿಂದ ಅವರು ಎಲ್ಲವನ್ನೂ ನನಗೇ ತೋರಿಸಿದರು, ನನ್ನ ಕೈಗೇ ಟೂಲ್ ಕೊಟ್ಟರು. ಇದು ಸಣ್ಣ ಮಾತಲ್ಲ. ಬೇರೆ ಗ್ಯಾರೇಜುಗಳಲ್ಲಿ ನಾನು ಪ್ರಶ್ನೆ ಕೇಳಿದರೂ ಉತ್ತರ ಮಾತ್ರ ನಮ್ಮ ಯಜಮಾನರ ಮುಖ ನೋಡಿಕೊಂಡು ಬರುತ್ತದೆ.

ಮೀಟರಿನ ಕಥೆ ಹೇಳಿದೆ. ಫ್ರಿಜ್ ಓಡ್ತಿತ್ತಾ ಆವಾಗ ಅಂತ ಕೇಳಿದರು. ಇಲ್ಲ, ಬಂದ್ ಇತ್ತು. ‘ಬಂದ್ ಇದ್ದಾಗ ನೋಡಿದ್ರ ಏನ್ ತಿಳಿತೈತಿ ತಂಗಿ? ನಲ್ಲಿ ಬಂದ್ ಮಾಡಿ ನೀರ ಎಷ್ಟ ಜೋರ್ ಬರತೈತಿ ಅಂತ ನೋಡಿದಂಗಾತು.’ ಆಮೇಲೆ ಫ್ರಿಜ್ ಚಾಲೂ ಮಾಡಿಸಿ, ಕಂಪ್ರೆಸರ್ ಹಿಡಿಯುವ ತನಕ ಕಾದು, ಎರಡು ಕಡೆ ಅಳೆದರು. ಬ್ಯಾಟರಿ ಹತ್ತಿರ 12.1. ಫ್ರಿಜ್ ಸಾಕೆಟ್ಟಿನಲ್ಲಿ 11.0. ದಾರಿಯಲ್ಲಿ 1.1 ವೋಲ್ಟ್ ಮಾಯ. ನಮ್ಮ ಫ್ರಿಜ್ಜಿನಲ್ಲಿ ಬ್ಯಾಟರಿ ಕಾಯುವ ಸೆಟ್ಟಿಂಗ್ ಇದೆ, ಎಚ್‌ಗೆ ಇಟ್ಟರೆ 11.1 ವೋಲ್ಟಿಗೆ ಬಂದ್ ಆಗುತ್ತದೆ. ಬ್ಯಾಟರಿಯಲ್ಲಿ ಕರೆಂಟ್ ಇದೆ, ಫ್ರಿಜ್ಜೂ ಸರಿ ಇದೆ, ಆದರೆ ಬ್ಯಾಟರಿ ಖಾಲಿ ಆಯಿತು ಅಂತ ಫ್ರಿಜ್ ತಿಳಿದುಕೊಂಡು ಸುಮ್ಮನಾಗುತ್ತಿತ್ತು. ‘ಸಾಕೆಟ್ ಮುಟ್ಟಿ ನೋಡವಾ’ ಅಂದರು. ಮುಟ್ಟಿದೆ. ಬೆಚ್ಚಗಿತ್ತು. ಕಳೆದುಹೋದ ವೋಲ್ಟೇಜಿನಲ್ಲಿ ಒಂದಿಷ್ಟು ಅಲ್ಲಿ ಶಾಖವಾಗಿ ಕೂತಿತ್ತು.

ಗಾಡಿಯ ಹಿಂದಿನ ಮಾಲೀಕರು ಮನೆ ವೈರಿಂಗಿನ 1.5 ಸ್ಕ್ವೇರ್ (ಚದರ ಮಿಲಿಮೀಟರ್ ದಪ್ಪದ) ವೈರ್ ಎಳೆದಿದ್ದರು. ಮನೆಯಲ್ಲಿ 230 ವೋಲ್ಟ್ ಇರುತ್ತದೆ, ಒಂದು ವೋಲ್ಟ್ ಕಳೆದರೆ ಯಾರಿಗೂ ಗೊತ್ತಾಗುವುದಿಲ್ಲ. 12 ವೋಲ್ಟಿನಲ್ಲಿ ಒಂದು ವೋಲ್ಟ್ ಅಂದರೆ ಹನ್ನೆರಡರಲ್ಲಿ ಒಂದು ಪಾಲು. ಬ್ಯಾಟರಿಯಿಂದ ಫ್ರಿಜ್‌ಗೆ ನಮ್ಮಲ್ಲಿ 6 ಮೀಟರ್, ಹೋಗಿ ಬರುವ ದಾರಿ ಸೇರಿ 12 ಮೀಟರ್. 5 ಆಂಪಿಯರ್ ಎಳೆದರೆ ಆ ವೈರಿನಲ್ಲೇ 0.7 ವೋಲ್ಟ್ ಹೋಗುತ್ತದೆ, ಉಳಿದದ್ದು ಸಡಿಲ ಸಾಕೆಟ್ಟಿನಲ್ಲಿ. ಅದೇ ದಾರಿಗೆ 6 ಸ್ಕ್ವೇರ್ ತಾಮ್ರ ಹಾಕಿದರೆ ಹೋಗುವುದು 0.2 ವೋಲ್ಟಿಗಿಂತ ಕಡಿಮೆ. ಕಾಕಾ ಈ ಲೆಕ್ಕವನ್ನು ಚಾಕ್‌ಪೀಸ್ ಹಿಡಿದು ಶೆಡ್ಡಿನ ನೆಲದ ಮೇಲೆ ಬರೆದು ತೋರಿಸಿದರು. ಫೋಟೋ ತೆಗೆದುಕೊಂಡಿದ್ದೇನೆ.

ಹಳೆ ವೈರ್ ಕಿತ್ತು ಹೊಸದು ಎಳೆದಿದ್ದು ನಾನೇ. ಥಿಂಬಲ್ (ವೈರಿನ ತುದಿಗೆ ಹಾಕುವ ತಾಮ್ರದ ಕೊಳವೆ) ಒತ್ತುವುದನ್ನೂ ನಾನೇ ಮಾಡುತ್ತೇನೆ ಅಂದೆ, ಮನೆಯಲ್ಲಿ ಪಕ್ಕಡ್‌ನಿಂದ ಎಷ್ಟೋ ಸಲ ಮಾಡಿದ್ದೆ. ಒಂದು ಮಾಡಿ ತೋರಿಸು ಅಂದರು. ಮಾಡಿದೆ. ಅದನ್ನು ವೈಸಿಗೆ ಸಿಕ್ಕಿಸಿ ಹ್ಯಾಕ್ಸಾದಿಂದ ಅಡ್ಡಲಾಗಿ ಕೊಯ್ದು, ಸಾಣೆ ಹಿಡಿದು, ಭೂತಗನ್ನಡಿ ಕೈಗೆ ಕೊಟ್ಟರು. ಎಳೆಗಳ ನಡುವೆ ಕಪ್ಪು ಕಪ್ಪು ಸಂದುಗಳು, ಸರಿಯಾಗಿ ಕಟ್ಟದ ರವೆ ಉಂಡೆಯ ಹಾಗೆ. ಆಮೇಲೆ ಹೈಡ್ರಾಲಿಕ್ ಕ್ರಿಂಪರ್‌ನಿಂದ ಒತ್ತಿದ ಇನ್ನೊಂದನ್ನು ಹಾಗೇ ಕೊಯ್ದರು. ಒಂದು ಸಂದೂ ಇಲ್ಲ, ಎಲ್ಲಾ ಎಳೆ ಸೇರಿ ಒಂದೇ ತಾಮ್ರದ ಬಿಲ್ಲೆ. ಆ ಎರಡು ತುಂಡು ಈಗಲೂ ನಮ್ಮ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿವೆ. ಸಂದಿನೊಳಗೆ ಗಾಳಿ, ತೇವ ಸೇರುತ್ತದೆ, ತಾಮ್ರ ಕಪ್ಪಾಗುತ್ತದೆ, ಜಾಯಿಂಟ್ ಬಿಸಿಯಾಗುತ್ತದೆ. ಗಾಡಿ ಕುಲುಕಿದರೆ ಸಡಿಲವೂ ಆಗುತ್ತದೆ. ಅವತ್ತು ಎಂಟು ಥಿಂಬಲ್ ಒತ್ತಿದೆ, ಪ್ರತಿಯೊಂದನ್ನೂ ಎಳೆದು ನೋಡಿ ಆಮೇಲೆ ಬಿಸಿ ಮಾಡಿದರೆ ಬಿಗಿದುಕೊಳ್ಳುವ ಹೀಟ್ ಶ್ರಿಂಕ್ ತೋಳು ಹಾಕಿದೆ.

ಫ್ಯೂಸ್ ವಿಷಯದಲ್ಲಿ ಕಾಕಾ ಬಹಳ ಬಿಗಿ. ನಮ್ಮಲ್ಲಿ ಫ್ಯೂಸ್ ಫ್ರಿಜ್ ಪಕ್ಕದಲ್ಲಿತ್ತು. ಅದನ್ನು ಕಿತ್ತು ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಹಾಕಿಸಿದರು. ಫ್ಯೂಸ್ ಇರುವುದು ವೈರ್ ಕಾಯುವುದಕ್ಕೆ. ಆ ಕೊನೆಗೆ ಹಾಕಿದರೆ, ಮಧ್ಯದಲ್ಲಿ ವೈರ್ ಎಲ್ಲಾದರೂ ತಗಡಿಗೆ ತಿಕ್ಕಿ ಶಾರ್ಟ್ ಆದಾಗ ಅದು ಸುಮ್ಮನೆ ನೋಡುತ್ತಾ ಕೂರುತ್ತದೆ, ವೈರ್ ಹೊತ್ತಿಕೊಳ್ಳುತ್ತದೆ. ನಾವು ಮೂರು ಜನ ಆ ಬ್ಯಾಟರಿಯ ಮೇಲಿನ ಮಂಚದಲ್ಲೇ ಮಲಗುತ್ತಿದ್ದೆವು. ಅದನ್ನು ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ. ದಯವಿಟ್ಟು ನಿಮ್ಮ ಗಾಡಿಯಲ್ಲಿ ಇವತ್ತೇ ನೋಡಿ. ವೈರ್ ತಗಡಿನ ತೂತಿನಿಂದ ಹಾಯುವಲ್ಲೆಲ್ಲ ತೂತಿನ ಅಂಚು ಮುಚ್ಚುವ ರಬ್ಬರ್ ಗ್ರೊಮೆಟ್ ಇದೆಯಾ ಅಂತಲೂ ನೋಡಿ.

ಲಿಥಿಯಂ ಬ್ಯಾಟರಿ ಹಾಕಿಸಲಾ ಅಂತ ಕೇಳಿದೆ. ಮಾರಿದ್ದರೆ ಅವರಿಗೆ ಲಾಭ ಆಗುತ್ತಿತ್ತು. ಲೆಕ್ಕ ಹಾಕೋಣ ಅಂದರು. ಫ್ರಿಜ್ ಓಡುವಾಗ ಸರಾಸರಿ 45 ವ್ಯಾಟ್, ಬಿಸಿಲಿನಲ್ಲಿ ಅರ್ಧ ಹೊತ್ತು ಓಡಿದರೆ ದಿನಕ್ಕೆ 540 ವ್ಯಾಟ್ ಅವರ್. ನಮ್ಮ 150 ಎಎಚ್ ಬ್ಯಾಟರಿಯಲ್ಲಿ 1800, ಅರ್ಧಕ್ಕಿಂತ ಜಾಸ್ತಿ ಇಳಿಸಬಾರದು ಅಂದರೂ 900 ಸಿಗುತ್ತದೆ. ಅಂದರೆ ಎಂಜಿನ್ ಚಾಲೂ ಮಾಡದಿದ್ದರೂ ಒಂದೂವರೆ ದಿನ. 100 ಎಎಚ್ ಲಿಥಿಯಂನಲ್ಲಿ ಇರುವುದು 1280. ಹಗುರ, ಬಾಳಿಕೆ ಜಾಸ್ತಿ, ಅದೆಲ್ಲ ನಿಜ. ‘ಇದು ಸತ್ತ ಮ್ಯಾಲೆ ತಗೋ, ಈಗ ವೈರ್ ಬದಲಿ ಮಾಡು’ ಅಂದರು. 32,000 ಉಳಿಯಿತು. ವೈರ್, ಫ್ಯೂಸ್ ಹೋಲ್ಡರ್, ಸಾಕೆಟ್ ಬದಲು ಹಾಕಿದ ಆಂಡರ್ಸನ್ ಕನೆಕ್ಟರ್, ಎಲ್ಲಾ ಸೇರಿ 3,000ದೊಳಗೆ ಮುಗಿಯಿತು.

ಎರಡನೇ ಕೆಲಸ ಛತ್ತಿನ ಫ್ಯಾನ್. 14 ಇಂಚಿನ ಚೌಕ ಫ್ಯಾನ್ ಮೊದಲಿಂದಲೇ ಇತ್ತು, ಮಳೆ ಬಂದರೆ ಮಂಚದ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ಪ್ರತಿ ಮಳೆಗಾಲಕ್ಕೆ ಮೇಲೆ ಹತ್ತಿ ಇನ್ನೊಂದು ಟ್ಯೂಬ್ ಸಿಲಿಕೋನ್ ಹಚ್ಚಿ ಇಳಿಯುತ್ತಿದ್ದೆ. ಫ್ಯಾನ್ ಎತ್ತಿದರೆ ಕೆಳಗೆ ತುಕ್ಕು ಸಂಡಿಗೆಯ ಹಾಗೆ ಉಬ್ಬಿತ್ತು. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದಂತೆ, ಬರೀ ಉಕ್ಕಿನ ಮೇಲೆ ಅದು ತಾನೇ ತುಕ್ಕು ಹಿಡಿಸುತ್ತದೆ. ನಾನು ಮೂರು ವರ್ಷ ರಿಪೇರಿ ಅಂತ ಮಾಡಿದ್ದು ಅದನ್ನೇ. ತುಕ್ಕು ಉಜ್ಜಿ, ಜಿಂಕ್ ಪ್ರೈಮರ್ ಹೊಡೆದು, ಪೇಂಟ್ ಆದ ಮೇಲೆ ಅಂಟು ರಬ್ಬರಿನ ಬ್ಯುಟೈಲ್ ಟೇಪ್ ಇಟ್ಟು ಫ್ಯಾನ್ ಕೂರಿಸಿದೆವು. ಸ್ಕ್ರೂಗಳನ್ನು ಎದುರುಬದುರು ಬಿಗಿಯಬೇಕು, ಒಂದೇ ಸಲ ಪೂರ್ತಿ ಬಿಗಿಯಬಾರದು. ಟೇಪ್ ನಿಧಾನಕ್ಕೆ ಹಿಂಡಿಕೊಂಡು ಹೊರಬರುತ್ತದೆ, ಮರುದಿನ ಮತ್ತೆ ಅರ್ಧ ಸುತ್ತು. ಕೊನೆಗೆ ಸ್ಕ್ರೂ ತಲೆಗಳ ಮೇಲೆ ಪಾಲಿಯುರೆಥೇನ್ ಸೀಲಂಟ್.

ಇಲ್ಲಿ ಕಲಿತ ಒಂದು ಉಪಾಯ ಹೇಳಲೇಬೇಕು. ಗ್ರೈಂಡರ್ ಹೊಡೆದಾಗ ಛತ್ತಿನ ಮೇಲೆಲ್ಲ ಕಬ್ಬಿಣದ ಪುಡಿ ಬೀಳುತ್ತದೆ. ಬಿಟ್ಟರೆ ಒಂದೇ ರಾತ್ರಿಯ ಇಬ್ಬನಿಗೆ ಪೇಂಟ್ ಮೇಲೆ ಕೆಂಪು ಚುಕ್ಕೆ ಏಳುತ್ತವೆ. ಶೆಡ್ಡಿನ ಹುಡುಗ ಹಳೆ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಛತ್ತಿನ ಮೇಲೆ ಆಡಿಸಿದ. ಪುಡಿಯೆಲ್ಲ ಕವರಿಗೆ ಮೆತ್ತಿಕೊಂಡಿತು. ಕವರ್ ಒಳಗಿಂದ ಹೊರಕ್ಕೆ ಮಗುಚಿ ಎಳೆದ, ಪುಡಿ ಒಳಗೆ ಉಳಿಯಿತು, ಅಯಸ್ಕಾಂತ ಸ್ವಚ್ಛ.

ಒಂದು ಕೆಲಸ ಮಾತ್ರ ಮಾಡಿಕೊಡಲ್ಲ ಅಂದರು. ಚಾಸಿಗೆ ಬ್ರ್ಯಾಕೆಟ್ ವೆಲ್ಡ್ ಮಾಡಿ ಕೆಳಗೆ 70 ಲೀಟರಿನ ನೀರಿನ ಟ್ಯಾಂಕ್ ತೂಗಬೇಕು ಅಂತ ನನ್ನ ಆಸೆ. ಆರ್‌ಸಿ ತೋರಿಸು ಅಂದರು, ಓದಿದರು, ಆಗಲ್ಲ ಅಂದರು. ವೆಲ್ಡಿಂಗಿನ ಶಾಖಕ್ಕೆ ಪಕ್ಕದ ಉಕ್ಕು ಮೆತ್ತಗಾಗುತ್ತದೆ, ನಮ್ಮ ರಸ್ತೆಯ ಕುಲುಕಾಟಕ್ಕೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಕಾನೂನಿನ ಮಾತು ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊರತಾದ ಬದಲಾವಣೆ ಮಾಡುವಂತಿಲ್ಲ, 2019ರ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಕ್ಯಾರವಾನ್‌ಗಳಿಗೆ ಎಐಎಸ್ 124 ಅಂತ ಬೇರೆ ಮಾನದಂಡವೇ ಇದೆ. ನನಗೆ ಅವತ್ತು ಬೇಜಾರಾಗಿತ್ತು, ಒಪ್ಪಿಕೊಳ್ಳುತ್ತೇನೆ. ಟ್ಯಾಂಕ್ ಬದಲು 20 ಲೀಟರಿನ ಎರಡು ಕ್ಯಾನ್ ಹಿಂದಿನ ಆಕ್ಸಲ್ ಮೇಲೆ ಬರುವಂತೆ ಒಳಗೇ ಇಟ್ಟು ಬೆಲ್ಟ್ ಬಿಗಿದೆವು. ತೊಳೆಯುವುದಕ್ಕೂ ಅದೇ ಸುಲಭ. 40 ಲೀಟರ್ ಅಂದರೆ 40 ಕಿಲೋ, ಅದು ಎಲ್ಲಿ ಕೂರುತ್ತದೆ ಅನ್ನುವುದು ಘಾಟಿನ ತಿರುವಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ತೊಂದರೆಗಳೂ ಇವೆ. ಮೂರು ದಿನ ಅಂದಿದ್ದು ಒಂಬತ್ತು ದಿನ ಆಯಿತು. ಫ್ಯಾಕ್ಟರಿಯಿಂದ ಅರ್ಜೆಂಟ್ ಕೆಲಸ ಬಂದರೆ ನಮ್ಮ ಗಾಡಿ ಮೂಲೆಗೆ ಹೋಗುತ್ತಿತ್ತು, ಫೋನ್ ಮಾಡಿ ಹೇಳುವ ಪದ್ಧತಿಯೂ ಇಲ್ಲ. ತಂಗಿಯ ಮನೆ ಇತ್ತು ಅಂತ ನಡೆಯಿತು, ಲಾಡ್ಜಿನಲ್ಲಿದ್ದವರಿಗೆ ಇದು ದುಬಾರಿ. ಶೆಡ್ಡಿನಲ್ಲಿ ಮಾಡಿಸಿದ ಬ್ಯಾಟರಿ ಪೆಟ್ಟಿಗೆ ಗಟ್ಟಿಯಾಗಿದೆ, ಆದರೆ ಅದರ ಪೇಂಟ್ ಒಂದು ತಿಂಗಳಿಗೇ ಎದ್ದಿತು, ನಾನು ಮತ್ತೆ ಹೊಡೆದೆ. ಹೆಂಗಸರಿಗೆ ಶೌಚಾಲಯ ಇಲ್ಲ, ಪ್ರತಿ ಸಲ ದೂರದ ಹೋಟೆಲಿಗೆ ನಡೆದು ಹೋಗಬೇಕು. ಇದನ್ನು ಕಾಕಾನಿಗೇ ಹೇಳಿ ಬಂದಿದ್ದೇನೆ. ಬಿಲ್ ಅಂದರೆ ಡೈರಿಯ ಹಾಳೆ, ವಾರಂಟಿ ಬೇಕು ಅನ್ನುವವರಿಗೆ ಆಗಿಬರಲ್ಲ. 230 ವೋಲ್ಟ್ ಇನ್ವರ್ಟರ್ ಕೆಲಸ ಮುಟ್ಟುವುದಿಲ್ಲ. ನಾವೇ ಕೆಲಸ ಮಾಡಿದರೆ ಟೂಲಿಗೆ ದಿನಕ್ಕೆ 300, ಅವರು ಮಾಡಿದ್ದಕ್ಕೆ ಬೇರೆ. ಒಟ್ಟು 14,600 ಕೊಟ್ಟೆ. ಜಾಸ್ತಿ ಅನ್ನಿಸಲಿಲ್ಲ.

ಜುಲೈನಲ್ಲಿ ಬೇಕಂತಲೇ ಚೋರ್ಲಾ ಘಾಟಿನ ಕಡೆ ಹೋದೆವು. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಒಂದು ರಾತ್ರಿ. ಮಳೆ ಛತ್ತಿನ ಮೇಲೆ ಬಡಿಯುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಟಾರ್ಚ್ ಹಿಡಿದು ಎರಡು ಸಲ ಎದ್ದು ಫ್ಯಾನಿನ ಸುತ್ತ ಬೆರಳಾಡಿಸಿದೆ. ಒಣಗಿತ್ತು.

ಈ ಏಪ್ರಿಲ್‌ನಲ್ಲಿ ಅದೇ ಮಲಪ್ರಭೆ ಕೃಷ್ಣೆಗೆ ಸೇರುವ ಕೂಡಲಸಂಗಮಕ್ಕೆ ಹೋದೆವು. ಬಾಗಲಕೋಟೆ ಬಿಸಿಲು ಗೊತ್ತಲ್ಲ, ಮಧ್ಯಾಹ್ನ ಗಾಡಿಯ ಬಾಗಿಲಿನ ಹಿಡಿಕೆ ಮುಟ್ಟಲಾಗುತ್ತಿರಲಿಲ್ಲ. ಎರಡು ರಾತ್ರಿ ಇದ್ದೆವು. ಬೆಳಗಿನ ಜಾವ ನಾಲ್ಕಕ್ಕೆ ಕಂಪ್ರೆಸರ್ ಓಡುತ್ತಿರುವಾಗಲೇ ಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 12.2, ಫ್ರಿಜ್ ಹತ್ತಿರ 12.0. ಒಳಗೆ 4 ಡಿಗ್ರಿ. ಅವ್ವ ಎಚ್ಚರವಾಗಿದ್ದಳು, ‘ಐತೇನ?’ ಅಂದಳು. ಐತಿ ಅಂದೆ.

ಹೋಗುವವರು ಆರ್‌ಸಿ ತಗೊಂಡು ಹೋಗಿ, ಏನು ಬೇಕು ಅನ್ನುವುದನ್ನು ಅಳತೆ ಸಮೇತ ಹಾಳೆಯ ಮೇಲೆ ಬರೆದುಕೊಂಡು ಹೋಗಿ. ಬೆಳಿಗ್ಗೆ ಹತ್ತಕ್ಕೆ ಮುಂಚೆ ಕಾಕಾ ಬಿಡುವಾಗಿರುತ್ತಾರೆ. ಉದ್ಯಮಬಾಗದ ಯಾವ ಚಹಾ ಅಂಗಡಿಯಲ್ಲಿ ಕೇಳಿದರೂ ದಾರಿ ತೋರಿಸುತ್ತಾರೆ.