ಎರಡು ಲ್ಯಾನ್ ಜೋಡಿಸಲು ಬ್ರಿಡ್ಜ್ ಒಳ್ಳೇದಾ, ರೂಟರ್ ಒಳ್ಳೇದಾ?

ರಸ್ತೆಯ ಈ ಕಡೆ ಆಫೀಸು, ಆ ಕಡೆ ಗೋಡೌನು. ಎರಡರಲ್ಲೂ ಮೊದಲೇ ಒಂದೊಂದು ಲ್ಯಾನ್ (ಕಟ್ಟಡದೊಳಗಿನ ನೆಟ್‌ವರ್ಕ್) ಇತ್ತು. ನಡುವೆ ಒಂದು ಜೊತೆ ವೈರ್‌ಲೆಸ್ ರೇಡಿಯೊ ಕೂರಿಸಿ, ಅದೇ ಸಾಮಾನಿನಲ್ಲಿ ಎರಡೂ ಬಗೆ ಓಡಿಸಿ ನೋಡಿದೆ: ಎರಡು ಲ್ಯಾನನ್ನೂ ಬೆಸೆದು ಒಂದೇ ಮಾಡುವ ಬ್ರಿಡ್ಜ್, ಬೇರೆಬೇರೆಯಾಗಿಯೇ ಇಟ್ಟು ನಡುವೆ ದಾರಿ ತೋರಿಸುವ ರೂಟರ್. ವೇಗದಲ್ಲಿ ನನಗೇನೂ ವ್ಯತ್ಯಾಸ ಕಾಣಲಿಲ್ಲ. ಎಷ್ಟು ಡೇಟಾ ಹೋಗಬೇಕೆಂದು ತೀರ್ಮಾನಿಸುವುದು ರೇಡಿಯೊ.

ಬ್ರಿಡ್ಜ್‌ನಷ್ಟು ಸಲೀಸು ಇನ್ನೊಂದಿಲ್ಲ. ಗೋಡೌನಿನ ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿ ಐಪಿ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿದೆ; ಎರಡೂ ಕಡೆ ಒಂದೇ 192.168.1 ಸಾಲಿನ ಐಪಿ ಬಂತು. ಯಾವ ಮ್ಯಾಕ್ ವಿಳಾಸ (ಪ್ರತಿ ಸಾಧನದ ನೆಟ್‌ವರ್ಕ್ ಗುರುತು ಸಂಖ್ಯೆ) ಎತ್ತ ಇದೆ ಎಂಬುದನ್ನು ಬ್ರಿಡ್ಜ್ ತಾನೇ ನೋಡಿ ಕಲಿತುಕೊಳ್ಳುತ್ತದೆ. ಆಫೀಸಿನ ಪ್ರಿಂಟರ್ ಗೋಡೌನಿನ ಫೋನಿನಲ್ಲಿ ತಾನಾಗಿ ಕಾಣಿಸಿತು.

ಆದರೆ ಒಂದು ಕಡೆಯ ಬ್ರಾಡ್‌ಕಾಸ್ಟ್ (ಎಲ್ಲ ಸಾಧನಗಳಿಗೂ ಒಟ್ಟಿಗೆ ಕಳಿಸುವ ಸಂದೇಶ) ಎಲ್ಲವೂ ಇನ್ನೊಂದು ಕಡೆಗೆ ಹರಿಯುತ್ತದೆ. ಅದಕ್ಕಿಂತ ಭಯ ಹುಟ್ಟಿಸಿದ್ದು ಲೂಪ್, ಅಂದರೆ ಕೇಬಲ್ ಸುತ್ತಿ ಬಂದು ಅದೇ ನೆಟ್‌ವರ್ಕಿಗೆ ಸೇರಿಬಿಡುವುದು. ರಜೆಯ ದಿನ ಬೇಕೆಂದೇ, ಲೂಪ್ ಗುರುತಿಸಿ ತಡೆಯುವ ಸ್ಪ್ಯಾನಿಂಗ್ ಟ್ರೀ ಆಫ್ ಮಾಡಿ, ಒಂದೇ ಸ್ವಿಚ್ಚಿನ ಎರಡು ಪೋರ್ಟಿಗೆ ಒಂದೇ ಕೇಬಲ್ ಸಿಕ್ಕಿಸಿದೆ. ಎರಡೂ ಕಟ್ಟಡ ಸ್ತಬ್ಧ. ಈಥರ್ನೆಟ್ ಫ್ರೇಮಿಗೆ (ಕೇಬಲ್ಲಿನಲ್ಲಿ ಹೋಗುವ ಡೇಟಾ ತುಣುಕಿಗೆ) ಆಯುಸ್ಸಿನ ಎಣಿಕೆಯಿಲ್ಲ, ಕೇಬಲ್ ಕೀಳುವವರೆಗೂ ಸುತ್ತುತ್ತಲೇ ಇರುತ್ತದೆ. ಇದಕ್ಕೆ ಮದ್ದಾಗಿ ರೇಡಿಯಾ ಪರ್ಲ್‌ಮನ್ 1985ರಲ್ಲಿ ಸ್ಪ್ಯಾನಿಂಗ್ ಟ್ರೀ ರೂಪಿಸಿದರು. ನಮ್ಮ ಅಂಗಡಿಗಳಲ್ಲಿ ಸಿಗುವ ಅಗ್ಗದ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಅದು ಇರುವುದೇ ಇಲ್ಲ.

ರೂಟರ್‌ಗೆ ಕೆಲಸ ಜಾಸ್ತಿ. ಗೋಡೌನನ್ನು 192.168.2ಕ್ಕೆ ಬದಲಿಸಿ, ಎರಡೂ ಕಡೆ ಸ್ಟ್ಯಾಟಿಕ್ ರೂಟ್ (ಇನ್ನೊಂದು ಲ್ಯಾನಿಗೆ ಹೋಗುವ ದಾರಿ ಯಾವುದೆಂಬ ಸೂಚನೆ) ಬರೆಯಬೇಕಾಯಿತು. ಪ್ರಿಂಟರ್ ಪಟ್ಟಿಯಿಂದ ಮಾಯವಾಯಿತು: ಅದನ್ನು ಹುಡುಕಿಕೊಡುವ ಎಂಡಿಎನ್‌ಎಸ್ 224.0.0.251 ಎಂಬ ವಿಳಾಸ ಬಳಸುತ್ತದೆ, ಅದು ರೂಟರ್ ದಾಟುವಂತಿಲ್ಲ. ಅದೇ ಲೂಪನ್ನು ಗೋಡೌನಿನಲ್ಲಿ ಮತ್ತೆ ಮಾಡಿದೆ. ಗೋಡೌನು ನಿಂತಿತು, ಆಫೀಸಿನಲ್ಲಿ ಬಿಲ್ಲಿಂಗ್ ನಡೆದೇ ಇತ್ತು. ನನಗೆ ಬೇಕಿದ್ದದ್ದು ಇದೇ. ಗೋಡೌನಿನ ಕ್ಯಾಮೆರಾಗಳು ಆಫೀಸಿನ ಕಂಪ್ಯೂಟರುಗಳನ್ನು ಮುಟ್ಟದಂತೆ ಒಂದೇ ಫೈರ್‌ವಾಲ್ ನಿಯಮದಲ್ಲಿ ತಡೆಯಲೂ ಆಯಿತು.

ಇಲ್ಲೊಂದು ಎಚ್ಚರ. ಮನೆಬಳಕೆಯ ವೈಫೈ ರೂಟರ್ ತಂದು ಅದರ ವ್ಯಾನ್ ಪೋರ್ಟಿಗೆ (ಇಂಟರ್ನೆಟ್ ಕೇಬಲ್ ಸಿಕ್ಕಿಸುವ ಪೋರ್ಟು) ಕೇಬಲ್ ಕೊಟ್ಟರೆ ನ್ಯಾಟ್ ಶುರುವಾಗುತ್ತದೆ, ಅಂದರೆ ಒಳಗಿನ ಸಾಧನಗಳೆಲ್ಲ ರೂಟರಿನ ಒಂದೇ ವಿಳಾಸದ ಹಿಂದೆ ಅಡಗುತ್ತವೆ. ಗೋಡೌನಿನಿಂದ ಆಫೀಸು ಸಿಗುತ್ತದೆ. ಆಫೀಸಿನಿಂದ ಕ್ಯಾಮೆರಾ ನೋಡಲು ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಒಳಗಿನ ಒಂದು ಸಾಧನಕ್ಕೆ ದಾರಿ ಬಿಡುವ ಸೆಟ್ಟಿಂಗ್) ಬೇಕು. ಕೊಳ್ಳುವ ಮೊದಲೇ ನ್ಯಾಟ್ ಆಫ್ ಮಾಡಲು ಬರುತ್ತದಾ ಎಂದು ಕೇಳಿ.

ಒಂದೇ ಮನೆಯ ಮೇಲ್ಮಹಡಿ, ಕೆಳಮಹಡಿಯಾದರೆ ಕಣ್ಣುಮುಚ್ಚಿ ಬ್ರಿಡ್ಜ್ ಹಾಕಿ. ಫೋನಿನಿಂದ ಟಿವಿಗೆ ಕಳಿಸುವುದೆಲ್ಲ ಸರಾಗ. ಬೇರೆ ಬೇರೆ ಜನ ಕೇಬಲ್ ಮುಟ್ಟುವ ಎರಡು ಕಟ್ಟಡಕ್ಕೆ ರೂಟರೇ ಸರಿ, ನಾನು ಉಳಿಸಿಕೊಂಡದ್ದೂ ಅದನ್ನೇ. ಪ್ರಿಂಟರ್‌ಗೆ ಡಿಎಚ್‌ಸಿಪಿಯಲ್ಲಿ ಒಂದು ಐಪಿ ಕಾದಿರಿಸಿ, ಆ ನಂಬರನ್ನು ಗೋಡೌನಿನ ಕಂಪ್ಯೂಟರುಗಳಲ್ಲಿ ಕೈಯಾರೆ ಸೇರಿಸಿದೆ.